ಅರ್ಧ ಹೊಲಿದ ಕೋಟು

2023ರ ಏಪ್ರಿಲ್ ತಿಂಗಳು. ನಾವು ಆಗ ಜಪಾನಿನ ಸೆಂಡಾಯ್‌ನಲ್ಲಿದ್ದೆವು. ನನ್ನ ಯಜಮಾನರು ಗುರುಪ್ರಸಾದ್ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಮನೆಯಲ್ಲಿ ಕೂತು ಕೂತು ಬೇಸರವಾಗಿ ನಾನು, ಧಾರವಾಡದಲ್ಲಿ ಎಂ.ಎ. ಮುಗಿಸಿ ಅಟ್ಟಕ್ಕೇರಿಸಿದ್ದ ಇತಿಹಾಸವನ್ನು ಕೆಳಗಿಳಿಸಿ ಧೂಳು ಕೊಡವಿ, ಅದೇ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿಕೊಂಡೆ. ಗಡಿ ಊರುಗಳ ಜನ ತಮ್ಮ ಊರಿನ ಕಥೆಯನ್ನು ಹೇಗೆ ಹೇಳಿಕೊಳ್ಳುತ್ತಾರೆ ಎಂಬುದು ನನ್ನ ವಿಷಯ. ಬೆಳಗಾವಿಯ ಶಹಾಪುರದಲ್ಲಿ ಹುಟ್ಟಿ ಬೆಳೆದವಳಿಗೆ ಇನ್ನಾವ ವಿಷಯ ಹೊಳೆದೀತು?

ನನಗೆ ಮಾರ್ಗದರ್ಶಕರಾಗಿ ಸಿಕ್ಕವರು ಒನೊ ಸೆನ್ಸೇ. ಅಲ್ಲಿ ಮೇಷ್ಟರನ್ನು ಸೆನ್ಸೇ ಎಂದೇ ಕರೆಯುತ್ತಾರೆ, ಉಳಿದವರ ಹೆಸರಿಗೆ ಗೌರವದ ‘ಸಾನ್’ ಸೇರಿಸುತ್ತಾರೆ. ಮರುವರ್ಷ ಮಾರ್ಚ್‌ಗೆ ನಿವೃತ್ತರಾಗಲಿದ್ದ ಅವರ ಜೀವಮಾನದ ಕೆಲಸವೆಂದರೆ, ಒಂದೇ ನೆಲದ ಬಗ್ಗೆ ಪ್ಯಾಲೆಸ್ಟೀನಿಯರು ಹೇಳುವ ಇತಿಹಾಸ ಮತ್ತು ಇಸ್ರೇಲಿಗಳು ಹೇಳುವ ಇತಿಹಾಸ. ಪ್ರತಿ ಬುಧವಾರ ಮಧ್ಯಾಹ್ನ ಅವರ ಕೋಣೆಯಲ್ಲಿ ನಾವು ಬೆರಳೆಣಿಕೆಯ ವಿದ್ಯಾರ್ಥಿಗಳು ಸೇರುತ್ತಿದ್ದೆವು. ಆ ಕೋಣೆಯ ಕಿಟಕಿ, ಉದ್ದನೆಯ ಮೇಜು, ಸೆನ್ಸೇ ಎಲ್ಲರ ಬಟ್ಟಲಿಗೂ ತಾವೇ ಚಹಾ ಸುರಿದು ಕೊನೆಗೆ ಉಳಿದ ತಳವನ್ನು ತಾವು ಕುಡಿಯುತ್ತಿದ್ದುದು, ಎಲ್ಲ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅವರ ತರಗತಿಗೆ ಒಂದು ನಿಯಮವಿತ್ತು. ನಿನಗೆ ಒಪ್ಪಿಗೆಯಿಲ್ಲದ ಕಥೆಯನ್ನು ತಳ್ಳಿಹಾಕುವ ಮೊದಲು, ಅದನ್ನು ಹೇಳುವವರ ಜಾಗದಲ್ಲಿ ನಿಂತು, ‘ನಾನು’ ಎಂದುಕೊಂಡು, ಗಟ್ಟಿಯಾಗಿ ಹೇಳಬೇಕು. ಆ ಕಡೆಯವರು ಕೂತು ಕೇಳುತ್ತಾರೆ. ‘ನಾವು ಇದನ್ನು ಹೀಗೆ ಹೇಳುವುದಿಲ್ಲ’ ಅನ್ನಿಸಿದರೆ ಕೈ ಎತ್ತುತ್ತಾರೆ. ಆಗ ಮತ್ತೆ ಮೊದಲಿನಿಂದ ಹೇಳಬೇಕು. ಅವರ ಕೈ ಏಳದೆ ಕಥೆ ಮುಗಿದ ಮೇಲೆಯೇ ದಾಖಲೆ, ನಕ್ಷೆ, ವಾದವಿವಾದ ಎಲ್ಲ.

ಮೊದಲ ದಿನ ಎಲ್ಲರೂ ತಮ್ಮ ತಮ್ಮ ಊರಿನ ಜಗಳವನ್ನೇ ಎತ್ತಿಕೊಂಡು ಇದನ್ನು ಅಭ್ಯಾಸ ಮಾಡಬೇಕಿತ್ತು. ನನಗೆ ನಮ್ಮ ಎದುರು ಮನೆಯ ಸುಮನ್ ಕಾಕು ನೆನಪಾದರು. ಅವರು ಮರಾಠಿಯವರು, ಕಾಕು ಎಂದರೆ ಚಿಕ್ಕಮ್ಮ. ನವೆಂಬರ್ ಒಂದರಂದು ಕನ್ನಡ ಶಾಲೆಯ ಮಾಸ್ತರರಾಗಿದ್ದ ನಮ್ಮಪ್ಪ ಬಾಗಿಲಿಗೆ ಹಳದಿ-ಕೆಂಪು ಬಾವುಟ ಕಟ್ಟಿದರೆ, ಎದುರಿನ ಬಾಗಿಲಿಗೆ ಕಪ್ಪು ಬಟ್ಟೆ ಏರುತ್ತಿತ್ತು. ಬೆಳಗಾವಿ ಕರ್ನಾಟಕಕ್ಕೆ ಸೇರಿದ ದಿನ ನಮಗೆ ಹಬ್ಬ, ಅವರಿಗೆ ಕರಾಳ ದಿನ. ಆದರೂ ಮಧ್ಯಾಹ್ನದ ಹೊತ್ತಿಗೆ ಎರಡು ಮನೆಯ ನಡುವೆ ಪಲ್ಯದ ಬಟ್ಟಲು ಓಡಾಡುವುದು ತಪ್ಪುತ್ತಿರಲಿಲ್ಲ. ನಾನು ಕಾಕುವಾಗಿ ಮಾತಾಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ತಿರುವುತ್ತಾ ‘ನಮ್ಮ ಮೇಲೆ ಅನ್ಯಾಯ ಆಯಿತು’ ಎಂದು ಹಲುಬುವುದನ್ನು ಇಂಗ್ಲಿಷಿನಲ್ಲೇ ಅಭಿನಯಿಸಿ ತೋರಿಸಿದೆ. ಶಾಲೆಯ ದಿನಗಳಿಂದಲೂ ನಕಲು ಮಾಡುವುದರಲ್ಲಿ ನನ್ನದು ಎತ್ತಿದ ಕೈ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ನಿಂತ ಮೇಲೆ ಸೆನ್ಸೇ ಮೆತ್ತಗೆ ಕೇಳಿದರು, “ವಿದ್ಯಾ-ಸಾನ್, ನಾವೆಲ್ಲ ನಕ್ಕೆವು. ಅವರು ಇಲ್ಲಿ ಕೂತಿದ್ದರೆ ನಗುತ್ತಿದ್ದರಾ?”

ನನಗೆ ಮೈ ಉರಿಯಿತು. ಮನೆಗೆ ಬಂದವಳೇ ಯಜಮಾನರ ಮುಂದೆ ಎಗರಾಡಿದೆ. “ನಮ್ಮೂರ ವಿಷಯ ನನಗಿಂತ ಅವರಿಗೆ ಹೆಚ್ಚು ಗೊತ್ತೈತೇನ್ರಿ? ಬೆಳಗಾವಿ ಎಲ್ಲೈತಿ ಅಂತ ನಕ್ಷೆದಾಗ ತೋರಸ್ಲಿಕ್ಕೆ ಹೇಳ್ರಿ ನೋಡೋಣ!”

ಬೆಂಗಳೂರಿನ ನಮ್ಮ ಯಜಮಾನರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಊರಿನ ವಿಷ್ಯ ಎಲ್ಲಿ ಕೇಳಿದ್ರು ಅವ್ರು? ಆ ಆಂಟಿ ವಿಷ್ಯ ತಾನೇ ಕೇಳಿದ್ದು? ಸುಮ್ನೆ ಟೆನ್ಶನ್ ತಗೋಬೇಡ, ಚಪಾತಿ ಆಗಿದ್ರೆ ಹಾಕು” ಎಂದರು.

ನಮ್ಮ ಗುಂಪಿನಲ್ಲಿ ಯಾಯೇಲ್ ಎಂಬ ಇಸ್ರೇಲಿ ಹುಡುಗಿ ಇದ್ದಳು. ಹುಡುಗಿ ಎಂದೆನಾದರೂ ಮೂವತ್ತು ದಾಟಿದವಳು, ಸೆಂಡಾಯ್‌ಗೆ ಬಂದು ಹಲವು ವರ್ಷವಾಗಿ ಜಪಾನಿಯನ್ನು ನೀರು ಕುಡಿದ ಹಾಗೆ ಓದುತ್ತಿದ್ದಳು. ರೀಮ್ ಪ್ಯಾಲೆಸ್ಟೀನಿ, ಜೋರ್ಡಾನಿನ ಅಮ್ಮಾನ್‌ನಲ್ಲಿ ಬೆಳೆದವಳು, ಹಿಂದಿನ ವರ್ಷವಷ್ಟೇ ಬಂದಿದ್ದಳು. ಇಬ್ಬರೂ ಈಗ ಇಸ್ರೇಲಿನಲ್ಲಿರುವ ಯಾಫಾ ಎಂಬ ಒಂದೇ ಕಡಲ ಊರಿನ ಮೇಲೆ ಕೆಲಸ ಮಾಡುತ್ತಿದ್ದರು. ರೀಮ್‌ಳ ತಾತ ಆ ಊರಿನಲ್ಲಿ ದರ್ಜಿ. 1948ರ ಯುದ್ಧದಲ್ಲಿ ಊರು ಬಿಟ್ಟವರು ಮತ್ತೆ ಹಿಂತಿರುಗಲಾಗಲಿಲ್ಲ. ಮನೆಮಂದಿಯಲ್ಲಿ ಕೆಲವರು ಗಾಜಾ ಸೇರಿದರು, ಕೆಲವರು ಅಮ್ಮಾನ್. ಯಾಯೇಲಳ ಅಜ್ಜಿ ಬಾಗ್ದಾದಿನ ಯೆಹೂದಿ. ಅಲ್ಲಿ ಬಾಳುವುದು ಕಷ್ಟವಾಗಿ ಎಲ್ಲ ಬಿಟ್ಟು ಹೊಸ ದೇಶವಾದ ಇಸ್ರೇಲಿಗೆ ಬಂದಾಗ ಆಕೆಗೆ ಯಾಫಾದಲ್ಲಿ, ಹಿಂದೆ ಅರಬರದ್ದಾಗಿದ್ದ ಒಂದು ಮನೆಯಲ್ಲಿ, ಒಂದು ಕೋಣೆ ಕೊಟ್ಟರು. ಅದು ರೀಮ್‌ಳ ತಾತನ ಮನೆಯಲ್ಲ, ಬೇರೆ ಯಾರದೋ.

ಅವರಿಬ್ಬರ ಜಗಳ ಕೇಳುವುದೇ ನಮಗೊಂದು ಪಾಠ. ಯಾಯೇಲ್‌ಗೆ ಸರ್ಕಾರಿ ಕಡತ, ಸೈನ್ಯದ ವರದಿ, ಮನೆ ಹಂಚಿದ ಕಚೇರಿಯ ಕಾಗದಪತ್ರಗಳೇ ಆಧಾರ. ರೀಮ್ ಮುದುಕ ಮುದುಕಿಯರ ಮುಂದೆ ರೆಕಾರ್ಡರ್ ಇಟ್ಟು ಕೂತವಳು. “ಕಾಗದ ಬರೆದವರು ಗೆದ್ದವರು. ನಮ್ಮ ತಾತ ಊರು ಬಿಟ್ಟಾಗ ಯಾರಿಗೂ ರಸೀದಿ ಬರೆದುಕೊಡಲಿಲ್ಲ” ಎಂದು ರೀಮ್ ಹೇಳಿದರೆ, “ಎಪ್ಪತ್ತು ವರ್ಷದ ಹಿಂದಿನ ನೆನಪನ್ನು ಹಾಗೇ ನಂಬುವುದಾದರೆ ನಾವು ಯಾಕೆ ಓದಬೇಕು?” ಎಂದು ಯಾಯೇಲ್ ತಿರುಗಿ ಬೀಳುತ್ತಿದ್ದಳು. ಸೆನ್ಸೇ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿಸುತ್ತಿದ್ದರು. ಕಾಗದ ಎಲ್ಲಿ ಬಾಯಿ ಮುಚ್ಚಿಕೊಂಡಿದೆ, ನೆನಪು ಎಲ್ಲಿ ತಪ್ಪಿಸಿಕೊಂಡು ಹೋಗುತ್ತಿದೆ, ಅದನ್ನು ಹುಡುಕಿ ಎನ್ನುತ್ತಿದ್ದರು.

ಪ್ರತಿ ವಾರದ ಚರ್ಚೆಯ ಸಾರಾಂಶ ಬರೆಯುವ ಕೆಲಸ ನನ್ನದು. 1948ಕ್ಕೆ ಏನೆಂದು ಬರೆಯುವುದು? ರೀಮ್‌ಳ ಕಡೆಯವರಿಗೆ ಅದು ನಕ್ಬಾ, ಅಂದರೆ ಮಹಾವಿಪತ್ತು. ಯಾಯೇಲಳ ಕಡೆಯವರಿಗೆ ಸ್ವಾತಂತ್ರ್ಯ ಸಮರ. ಸೆನ್ಸೇ ಎರಡನ್ನೂ ಬರೆಯಲು ಹೇಳಿದರು. ಹಾಗಾದರೆ ಯಾವುದು ಮೊದಲು? ಒಂದು ವಾರ ಅದು ಮೊದಲು, ಇನ್ನೊಂದು ವಾರ ಇದು ಮೊದಲು. ನಮ್ಮ ಹಳೆಯ ಬಾಡಿಗೆ ಮನೆಯಲ್ಲಿ ನಲ್ಲಿಯ ಪಾಳಿ ಇರುತ್ತಿತ್ತಲ್ಲ, ಥೇಟ್ ಹಾಗೆ. ನಾನು ಒಮ್ಮೆ ಪಾಳಿ ತಪ್ಪಿಸಿದಾಗ ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದಿದ್ದರು.

ಜಪಾನಿನವರಿಗೆ ಯಾಕಪ್ಪಾ ಈ ದೂರದ ಊರಿನ ಉಸಾಬರಿ ಎಂದು ನಾನು ಒಂದು ದಿನ ಸೆನ್ಸೇಯವರನ್ನು ಕೇಳಿಯೇಬಿಟ್ಟೆ. ಅವರು ಬೇಸರಿಸಲಿಲ್ಲ. ಅವರ ತಾಯಿ, ಆಗ ಜಪಾನಿನ ಹಿಡಿತದಲ್ಲಿದ್ದ ಚೀನಾದ ಮಂಚೂರಿಯಾದಲ್ಲಿ ಹುಟ್ಟಿದವರಂತೆ. ಜಪಾನ್ ಯುದ್ಧದಲ್ಲಿ ಸೋತಾಗ ಹೊಲಮನೆ ಬಿಟ್ಟು, ದಾರಿಯಲ್ಲಿ ತಮ್ಮನನ್ನು ಕಳೆದುಕೊಂಡು ಬಂದವರು. ಆ ಹೊಲದ ಮಾತು ಬಂದರೆ ಕೊನೆಯವರೆಗೂ ಅಳುತ್ತಿದ್ದರಂತೆ. “ನಾನು ಕಾಲೇಜಿಗೆ ಬಂದ ಮೇಲೆ ತಿಳಿಯಿತು, ಆ ಹೊಲ ಚೀನಾದ ರೈತರಿಂದ ಕಿತ್ತುಕೊಂಡದ್ದು ಅಂತ. ಅಮ್ಮ ಅತ್ತದ್ದು ಸುಳ್ಳಲ್ಲ, ವಿದ್ಯಾ-ಸಾನ್. ಆದರೆ ಅಮ್ಮ ಅಳುತ್ತಿದ್ದ ಹೊಲಕ್ಕೆ ಇನ್ನೊಂದು ಮನೆಯಲ್ಲೂ ಯಾರೋ ಅಳುತ್ತಿದ್ದರು” ಎಂದರು. ಆಮೇಲೆ ನಾನು ಆ ಪ್ರಶ್ನೆ ಮತ್ತೆ ಕೇಳಲಿಲ್ಲ.

ಇನ್ನೊಂದು ದಿನ ನಾನು ಜಾಣೆಯಂತೆ, “ನಮ್ಮ ಬೆಳಗಾವಿಯಲ್ಲೂ ಇದೇ ಕಥೆ” ಎಂದುಬಿಟ್ಟೆ. ರೀಮ್ ನನ್ನ ಕಡೆ ತಿರುಗಿದಳು. “ನಿನ್ನ ಕಾಕುವಿನ ಮನೆ ಈಗ ಎಲ್ಲಿದೆ?” ಎಂದಳು. “ಅಲ್ಲೇ, ನಮ್ಮೆದುರಿಗೆ” ಎಂದೆ. “ಮನೆಯೊಳಗೆ ಯಾರಿದ್ದಾರೆ?” “ಕಾಕು.” “ಹಾಗಾದರೆ ಇದೇ ಕಥೆ ಅನ್ನಬೇಡ” ಎಂದಳು. ಯಾಯೇಲ್ ಕೂಡ ಹೌದೆಂದು ತಲೆಯಾಡಿಸಿದಳು. ಆ ವರ್ಷ ಅವರಿಬ್ಬರೂ ಪೂರ್ತಿ ಒಪ್ಪಿಕೊಂಡ ಮಾತು ಬಹುಶಃ ಅದೊಂದೇ.

ಸೆನ್ಸೇಯವರ ಕೊನೆಯ ವರ್ಷವಾದ್ದರಿಂದ ಒಂದು ದೊಡ್ಡ ಆಸೆ ಅವರಿಗಿತ್ತು. ವರ್ಷದ ಕೊನೆಯ ತರಗತಿಯಲ್ಲಿ ಯಾಯೇಲ್ ದರ್ಜಿ ತಾತನ ಮಾತನ್ನು, ರೀಮ್ ಬಾಗ್ದಾದಿನ ಅಜ್ಜಿಯ ಮಾತನ್ನು ಓದಬೇಕು. ಬೇಸಿಗೆಯಿಡೀ ಇಬ್ಬರೂ ಅದಕ್ಕಾಗಿ ಕೂತು ಬರೆದರು, ತಿದ್ದಿದರು, ಕಿತ್ತಾಡಿದರು. ಸೆಖೆಯಲ್ಲಿ ಇಬ್ಬರೂ ಒಂದೇ ಬೀಸಣಿಗೆಯನ್ನು ಎಳೆದಾಡಿಕೊಂಡು ಕೂತಿರುತ್ತಿದ್ದ ಆ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ಆಗ ನಮಗೆ ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಇಸ್ರೇಲಿನ ಮೇಲೆ ಆ ದಾಳಿ ನಡೆಯಿತು. ಅದರ ಬೆನ್ನಿಗೇ ಗಾಜಾದ ಮೇಲೆ ಬಾಂಬುಗಳು ಬೀಳತೊಡಗಿದವು. ದಾಳಿಯಲ್ಲಿ ಯಾಯೇಲಳ ಶಾಲೆಯ ಗೆಳತಿಯೊಬ್ಬಳು ಸತ್ತಳು. ಗಾಜಾದಲ್ಲಿದ್ದ ರೀಮ್‌ಳ ಸೋದರತ್ತೆಯ ಫೋನ್ ಸಿಗುತ್ತಿರಲಿಲ್ಲ. ಬುಧವಾರದ ಕೋಣೆಗೆ ಇಬ್ಬರೂ ಬರಲಿಲ್ಲ. ಮುಂದಿನ ಬುಧವಾರವೂ ಬರಲಿಲ್ಲ. ರೀಮ್ ಸೆನ್ಸೇಯವರಿಗೆ ‘ಈಗ ನನ್ನ ಬಾಯಿಂದ ಯಾಯೇಲಳ ಅಜ್ಜಿಯ ಮಾತು ಹೊರಡುವುದಿಲ್ಲ’ ಎಂದು ಬರೆದಿದ್ದಳು. ಯಾಯೇಲ್ ಹೆಚ್ಚುಕಡಿಮೆ ಅದನ್ನೇ ಫೋನಿನಲ್ಲಿ ಹೇಳಿದ್ದಳು. ಸೆನ್ಸೇ ಅಂದು ಚಹಾ ಸುರಿಯುವಾಗ ಬರದವರ ಬಟ್ಟಲುಗಳಿಗೂ ಸುರಿದರು. ತರಗತಿ ಮುಗಿಯುವವರೆಗೂ ಅದು ಅಲ್ಲೇ ಆರುತ್ತಾ ಕೂತಿತ್ತು.

ಅದೇ ತಿಂಗಳ ಕೊನೆಗೆ ಇಮೊನಿ ಇತ್ತು. ಶರತ್ಕಾಲದಲ್ಲಿ ಹೊಳೆದಂಡೆಯಲ್ಲಿ ಕಲ್ಲು ಹೂಡಿ, ದೊಡ್ಡ ಪಾತ್ರೆಯಲ್ಲಿ ಕೆಸುವಿನ ಗೆಡ್ಡೆಯ ಸಾರು ಬೇಯಿಸಿ ಎಲ್ಲರೂ ತಿನ್ನುವುದು ಆ ಕಡೆಯ ಪದ್ಧತಿ. ಅದರಲ್ಲೂ ಒಂದು ಜಗಳವಿದೆ. ಸೆಂಡಾಯ್‌ನವರು ಹಂದಿಮಾಂಸ ಮತ್ತು ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟು ಹಾಕುತ್ತಾರೆ. ಪಕ್ಕದ ಯಾಮಾಗಾತಾದವರು ದನದ ಮಾಂಸ, ಸೋಯಾ ಸಾಸ್. ತಮ್ಮದೇ ನಿಜವಾದದ್ದು ಎಂದು ಇಬ್ಬರೂ ಪಟ್ಟು ಹಿಡಿಯುತ್ತಾರೆ. ಸೆನ್ಸೇ ಯಾಮಾಗಾತಾದವರು. ವಿಭಾಗದ ಕಚೇರಿ ನೋಡಿಕೊಳ್ಳುತ್ತಿದ್ದ ಸಾಸಾಕಿ-ಸಾನ್ ಅಪ್ಪಟ ಸೆಂಡಾಯ್ ಹೆಂಗಸು. ಹಾಗಾಗಿ ಪ್ರತಿ ವರ್ಷ ಎರಡು ಪಾತ್ರೆ. ನಾನು, ರೀಮ್, ಯಾಯೇಲ್ ಮೂವರೂ ಆ ಎರಡನ್ನೂ ಮುಟ್ಟುವವರಲ್ಲ. ನಾನು ಸಸ್ಯಾಹಾರಿ; ಅವರಿಬ್ಬರಿಗೂ ಹಂದಿ ನಿಷಿದ್ಧ, ದನದ ಮಾಂಸವೂ ತಂತಮ್ಮ ಧರ್ಮದ ಕ್ರಮದಲ್ಲಿ ಕಡಿದದ್ದಲ್ಲದಿದ್ದರೆ ಬೇಡ. ಹೀಗಾಗಿ ಆ ವರ್ಷ ಮಾಂಸವಿಲ್ಲದ ಮೂರನೆಯ ಪಾತ್ರೆಯೊಂದು ನನ್ನ ಪಾಲಿಗೆ ಬಂದಿತ್ತು.

“ಇಮೊನಿ ಬೇಡ ಅನ್ನೋಣವೇ ಸೆನ್ಸೇ?” ಎಂದು ಕೇಳಿದೆ. “ಬೇಡ ಅನ್ನುವುದು ಬೇಡ. ಯಾರನ್ನೂ ಒತ್ತಾಯಿಸುವುದೂ ಬೇಡ. ಪಾತ್ರೆ ಇಡೋಣ” ಎಂದರು.

ಹಿರೋಸೆ ನದಿಯ ದಂಡೆಯಲ್ಲಿ ಅಂದು ಬಿಸಿಲು ಚೆನ್ನಾಗಿತ್ತು. ನಾನು ಗೆಡ್ಡೆ ಹೆರೆದು ಕೈ ತುರಿಸಿಕೊಳ್ಳುತ್ತಾ, ಅಣಬೆ, ಈರುಳ್ಳಿ ಕಡ್ಡಿ ಹಾಕಿ ಕುದಿಸಿ, ಯಾರಿಗೂ ಕಾಣದ ಹಾಗೆ ಸಾಸಿವೆ, ಇಂಗಿನ ಒಗ್ಗರಣೆಯನ್ನೂ ಕೊಟ್ಟೆ. ಯಾಯೇಲ್ ಬಂದಳು, ಕಣ್ಣು ಊದಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ದಂಡೆಯ ಇನ್ನೊಂದು ತುದಿಯಿಂದ ರೀಮ್ ಬರುವುದು ಕಾಣಿಸಿತು. ಯಾಯೇಲ್ ಇದ್ದಾಳೆಂದು ಆಕೆಗೆ, ರೀಮ್ ಬರುತ್ತಾಳೆಂದು ಈಕೆಗೆ ಗೊತ್ತಿರಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಒಬ್ಬಳು ಸೆನ್ಸೇ ಪಾತ್ರೆಯ ಆಚೆ, ಇನ್ನೊಬ್ಬಳು ಸಾಸಾಕಿ-ಸಾನ್ ಪಾತ್ರೆಯ ಈಚೆ, ಹೊಳೆ ನೋಡುತ್ತಾ ನಿಂತರು. ರೀಮ್ ಸೆನ್ಸೇಗೆ, “ತರಗತಿ ಬಿಡುತ್ತೇನೆ. ಮುಖ ನೋಡಿ ಹೇಳಲು ಬಂದೆ” ಎಂದದ್ದು ನನ್ನ ಕಿವಿಗೂ ಬಿತ್ತು. ಸೆನ್ಸೇ ತಲೆಬಾಗಿಸಿ ಕೇಳಿಸಿಕೊಂಡರು.

ಉಣ್ಣುವ ಹೊತ್ತಾಯಿತು. ಬಟ್ಟಲುಗಳನ್ನು ತರಲು ಹೋಗಿದ್ದ ನಾನು ತಿರುಗಿ ಬಂದರೆ ಸಾಸಾಕಿ-ಸಾನ್ ನನ್ನ ಪಾತ್ರೆಯ ಮುಂದೆ ಸೌಟು ಹಿಡಿದು ಹಿಗ್ಗಿನಿಂದ ನಿಂತಿದ್ದರು. “ವಿದ್ಯಾ-ಸಾನ್, ರುಚಿ ನೋಡಿದೆ. ಸ್ವಲ್ಪ ಸಪ್ಪೆ ಇತ್ತು. ಕೇಳಿದರೆ ನಿಮಗೆ ಮುಜುಗರವಾಗುತ್ತದೆ ಅಂತ ನಾನೇ ಸರಿ ಮಾಡಿದೆ” ಎಂದರು. ಏನು ಹಾಕಿದಿರಿ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅವರ ಕೈಲಿದ್ದ ಸೌಟು ಅವರ ಪಾತ್ರೆಯದು. ಹಂದಿಸಾರು ಧಾರಾಳವಾಗಿ ಬಿದ್ದಿತ್ತು. ಮಾಂಸದ ತುಂಡುಗಳಿಲ್ಲದಂತೆ ಬರೀ ನೀರು ಹಾಕಿದ್ದೇನೆ, ಅದರಲ್ಲೇನಿದೆ ಎಂಬುದು ಪಾಪ ಅವರ ಲೆಕ್ಕಾಚಾರ. ನನ್ನ ಮುಖ ನೋಡಿ ತಪ್ಪು ತಿಳಿಯುತ್ತಲೇ ‘ಸುಮಿಮಾಸೆನ್, ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತಾ ಬಗ್ಗಿದರು, ಎದ್ದರು, ಮತ್ತೆ ಬಗ್ಗಿದರು.

ಮೂರು ಪಾತ್ರೆ ಕುದಿಯುತ್ತಿದ್ದರೂ ನಾವು ಮೂವರು ಹೆಂಗಸರಿಗೆ ತಿನ್ನಲು ತುತ್ತಿಲ್ಲ. ನಾನು ಬಟ್ಟಲುಗಳನ್ನು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, “ನಾನು ಕೊಂಬಿನಿಗೆ ಹೋಗುತ್ತೇನೆ. ಹಸಿದವರು ಬನ್ನಿ” ಎಂದು ಹೊರಟೆ. ಅಲ್ಲಿ ಕೊಂಬಿನಿ ಎಂದರೆ ಬೀದಿ ಬೀದಿಗೂ ಇರುವ, ಸದಾ ತೆರೆದಿರುವ ಅಂಗಡಿ. ಹಿಂದಿನಿಂದ ಒಂದು ಜೊತೆ ಹೆಜ್ಜೆ ಕೇಳಿಸಿತು, ಆಮೇಲೆ ಇನ್ನೊಂದು. ನಾನು ತಿರುಗಿ ನೋಡಲಿಲ್ಲ.

ಅಂಗಡಿಯಲ್ಲಿ ರೀಮ್ ಒಂದು ಅನ್ನದುಂಡೆ ಕೈಗೆತ್ತಿಕೊಂಡು, ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಲಾಗದೆ ನನ್ನತ್ತ ಚಾಚಿದಳು. ನನ್ನ ಜಪಾನಿ ಅಕ್ಷರಜ್ಞಾನವೂ ಅಷ್ಟಕ್ಕಷ್ಟೇ. ನಾನು ಕಣ್ಣು ಕಿರಿದು ಮಾಡಿ ತಿಣುಕಾಡುತ್ತಿರುವಾಗ ಪಕ್ಕದಿಂದ ಯಾಯೇಲ್ ಅದನ್ನು ತೆಗೆದುಕೊಂಡು ಓದಿದಳು. ವಾಪಸ್ ಇಟ್ಟು ಬೇರೊಂದನ್ನು ಎತ್ತಿ, ಅದನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ರೀಮ್‌ಳ ಕೈಗೆ ಕೊಟ್ಟಳು. “ಇದರಲ್ಲಿ ಹಂದಿಯ ಅಂಶ ಯಾವುದೂ ಇಲ್ಲ. ತಿನ್ನಬಹುದು” ಎಂದಳು. ಮೂರು ವಾರದಲ್ಲಿ ಅವರ ನಡುವೆ ಆದ ಮೊದಲ ಮಾತು ಅದು. ರೀಮ್ ತೆಗೆದುಕೊಂಡಳು. ನನ್ನದನ್ನು ಓದಿ ಯಾಯೇಲ್, “ವಿದ್ಯಾ, ಇದರಲ್ಲಿ ಮೀನಿನ ಪುಡಿ ಇದೆ. ನಿನಗೆ ಬಾಳೆಹಣ್ಣೇ ಗತಿ” ಎಂದಳು.

ಅಂಗಡಿಯ ಮುಂದೆ ಕಾರು ನಿಲ್ಲಿಸುವ ಜಾಗದ ಸಿಮೆಂಟ್ ದಿಂಡಿನ ಮೇಲೆ ಕೂತು ತಿಂದೆವು. ನಡುವೆ ನಾನು. ಯಾಯೇಲ್ ನೆಲ ನೋಡುತ್ತಾ, “ಅವಳು ನನ್ನ ಬೆಂಚಿನಲ್ಲೇ ಕೂರುತ್ತಿದ್ದಳು” ಎಂದಳು. ರೀಮ್ ಅನ್ನದುಂಡೆಯ ಪೊಟ್ಟಣ ಮಡಿಸುತ್ತಾ, “ಅತ್ತೆಯ ಫೋನು ರಿಂಗ್ ಆದರೂ ಆಗುತ್ತಿತ್ತು. ನಿನ್ನೆಯಿಂದ ಅದೂ ಇಲ್ಲ” ಎಂದಳು. ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ನನಗೆ ಸಿಪ್ಪೆ ಸುಲಿದ ಬಾಳೆಹಣ್ಣು ಕೈಯಲ್ಲಿ ಹಿಡಿದು ಅಳು ಬಂತು, ನಡುವೆ ಕೂತ ನಾನೇ ಅತ್ತರೆ ಹೇಗೆ ಎಂದು ನುಂಗಿಕೊಂಡೆ. ವಾಪಸ್ ಹೋಗುವಾಗ ಅವರಿಬ್ಬರೂ ಬೇರೆ ಬೇರೆ ದಾರಿ ಹಿಡಿದರು.

ಮರುವಾರ ನವೆಂಬರ್ ಒಂದು. ಅಂದು ನನಗೆ ಏನನ್ನಿಸಿತೋ, ಅಪ್ಪನಿಗೆ ಶುಭಾಶಯ ಹೇಳಿದ ಮೇಲೆ ಕಾಕುವಿಗೂ ಫೋನ್ ಮಾಡಿದೆ. ಸುತ್ತಿ ಬಳಸಿ ಮಾತಾಡಿ ಕೊನೆಗೆ, “ಕಾಕು, ಒಂದನೇ ತಾರೀಖ ನಿಮ್ಮನ್ಯಾಗ ಕರೇ ಬಟ್ಟಿ ಯಾಕ ಕಟ್ಟತೀರಿ?” ಎಂದೆ.

“ಇಷ್ಟ ವರ್ಷ ಎದರ ಮನ್ಯಾಗ ಬೆಳದಿ, ಒಮ್ಮೆರೆ ಕೇಳಿದ್ದೇನ?” ಎಂದರು ಕಾಕು. ಆಮೇಲೆ ಹೇಳತೊಡಗಿದರು. ಅವರ ಮಾವ ಮರಾಠಿ ಶಾಲೆಯ ಮಾಸ್ತರ್. ಮುಂಬೈ ರಾಜ್ಯದಲ್ಲಿ ಮಲಗಿದವರು ಬೆಳಗೆದ್ದರೆ ಮೈಸೂರು ರಾಜ್ಯದಲ್ಲಿದ್ದರು. ಕಚೇರಿಯಿಂದ ಬರುವ ಹುಕುಮುಗಳನ್ನು ಓದಲಾರದೆ, ತಲೆ ನರೆತ ಮೇಲೆ ಒಂದನೇ ಈಯತ್ತೆಯ ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕೂತು ಅ, ಆ, ಇ, ಈ ಬರೆದರಂತೆ. “ಮೊದಲಿಗೆ ಆ ಬಟ್ಟಿ ಕಟ್ಟಿದವರು ಅವರು. ನಿಮ್ಮಪ್ಪ ಝೇಂಡಾ ಹಚ್ಚೂದು ನನಗೇನ ತ್ರಾಸ ಇಲ್ಲವಾ. ನಮ್ಮ ಮಾವ ತಪ್ಪ ತಪ್ಪ ಓದೂದು ಕೇಳಿ ಓಣಿ ಹುಡುಗರು ನಗತಿದ್ವಲ್ಲ, ಅದು ತ್ರಾಸ.”

ಬೆಳಗಾವಿ ಕರ್ನಾಟಕದ್ದೇ ಎಂಬ ನನ್ನ ಮಾತು ಅಂದೂ ಇಂದೂ ಒಂದು ಕೂದಲೆಳೆಯಷ್ಟೂ ಅಲುಗಾಡಿಲ್ಲ. ಆದರೆ ಕಾಕುವಿನ ಕಥೆಯಲ್ಲಿ ನಗುವಂಥದ್ದು ಏನೂ ಇಲ್ಲವೆಂದು ನನಗೆ ತಿಳಿದದ್ದು ಅಂದು.

ಜನವರಿಯ ಕೊನೆಯ ಬುಧವಾರ ನಮ್ಮ ಕೊನೆಯ ತರಗತಿ. ಹೊರಗೆ ಹಿಮ ಬೀಳುತ್ತಿತ್ತು. ಡಿಸೆಂಬರಿನಲ್ಲಿ ರೀಮ್‌ಳ ಅತ್ತೆ ತೀರಿಕೊಂಡ ಸುದ್ದಿ ಬಂದಿತ್ತು, ಮನೆಯೇ ಅವರ ಮೇಲೆ ಕುಸಿದಿತ್ತು. ಆಕೆ ಬರುತ್ತಾಳೆಂದು ನಮಗಾರಿಗೂ ನಂಬಿಕೆ ಇರಲಿಲ್ಲ. ಸೆನ್ಸೇ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ಜೀವಮಾನದ ಕೆಲಸ ಹೀಗೆ ಮುಗಿಯುತ್ತದಲ್ಲ ಎಂದು ನನಗೆ ಅವರ ಬೆನ್ನು ನೋಡಿಯೇ ದುಃಖವಾಯಿತು. ಆಗ ಯಾಯೇಲ್ ಬಂದಳು. ಅವಳ ಹಿಂದೆಯೇ, ಟೋಪಿಯ ಮೇಲಿನ ಹಿಮ ಕೊಡವುತ್ತಾ ರೀಮ್.

ಯಾರು ಮೊದಲು ಓದುವುದು? ಇಬ್ಬರೂ ನನ್ನ ಮುಖ ನೋಡಿದರು. ಪಾಳಿಯ ಪ್ರಕಾರ ಯಾಯೇಲ್ ಎಂದೆ. “ಮಧ್ಯೆ ನಡೆಯದ ತರಗತಿಗಳನ್ನೂ ಸೇರಿಸಿದೆಯಾ?” ಎಂದು ರೀಮ್ ಕೇಳಿದಳು. ಆ ಗಂಟುಮುಖದ ತಕರಾರು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಅದು ಬುಧವಾರದ ಹಳೆಯ ರೀಮ್.

ಯಾಯೇಲ್ ದರ್ಜಿಯಾಗಿ ಓದಿದಳು. “ನಾನು ಯಾಫಾದ ದರ್ಜಿ. ಗುಂಡಿನ ಸದ್ದು ಹತ್ತಿರವಾದಾಗ ಮೆಷಿನ್ನಿನ ಮೇಲೆ ಒಂದು ಕೋಟು ಅರ್ಧ ಹೊಲಿದಿತ್ತು. ಎರಡು ವಾರದಲ್ಲಿ ಬರುತ್ತೇನಲ್ಲ ಎಂದು ಸೂಜಿಯನ್ನು ಅದರಲ್ಲೇ ಬಿಟ್ಟೆ. ಗಿರಾಕಿ ಮುಂಗಡ ಕೊಟ್ಟಿದ್ದ. ಈಗಲೂ ಅವನು ಕನಸಿನಲ್ಲಿ ಬಂದು ಕೋಟು ಕೇಳುತ್ತಾನೆ.” ಅಲ್ಲಿ ಯಾಯೇಲಳ ದನಿ ನಡುಗಿತು. ರೀಮ್ ಕೈ ಎತ್ತಿದಳು.

“ಅಲ್ಲಿ ತಾತ ಅಳುವುದಿಲ್ಲ, ನಗುತ್ತಾರೆ. ಆ ಗಿರಾಕಿಯ ಮಾತು ಬಂದಾಗಲೆಲ್ಲ ನಗುತ್ತಿದ್ದರು. ಅಳಿಸಬೇಡ ಅವರನ್ನು.”

ಯಾಯೇಲ್ ಮತ್ತೆ ಮೊದಲಿನಿಂದ ಓದಿದಳು. ಗಿರಾಕಿ ಬಂದ ಕಡೆ ನಗಲು ನೋಡಿದಳು, ಆಗಲಿಲ್ಲ. ಮೂರನೆಯ ಸಲ ನಕ್ಕಳು. ಆ ನಗು ಕೇಳುವುದು ಅಳುವಿಗಿಂತ ಕಷ್ಟವಾಗಿತ್ತು. ರೀಮ್‌ಳ ಕೈ ಏಳಲಿಲ್ಲ.

ಆಮೇಲೆ ರೀಮ್ ಅಜ್ಜಿಯಾದಳು. “ನಾನು ಬಾಗ್ದಾದಿನವಳು. ಒಂದು ಪೆಟ್ಟಿಗೆ ಹಿಡಿದು ಬಂದೆ. ನನಗೆ ಕೊಟ್ಟ ಕೋಣೆಯ ಒಲೆಯ ಮೇಲೆ ಯಾರದೋ ಪಾತ್ರೆ ಇತ್ತು. ತೊಳೆದು ಎತ್ತಿಟ್ಟೆ. ಅದರಲ್ಲಿ ಅಡುಗೆ ಮಾಡಲಿಲ್ಲ. ಬಾಗ್ದಾದಿನಲ್ಲಿ ನನ್ನ ಪಾತ್ರೆಯಲ್ಲಿ ಈಗ ಯಾರು…” ಅಷ್ಟಕ್ಕೆ ನಿಲ್ಲಿಸಿದಳು. ಸೆನ್ಸೇ ಸಾಕು ಎನ್ನಲಿಲ್ಲ, ಓದು ಎಂದೂ ಅನ್ನಲಿಲ್ಲ. ಎದ್ದು ಹೋಗುತ್ತಾಳೆ ಎಂದೇ ನಾನು ಅಂದುಕೊಂಡೆ. ಆದರೆ ರೀಮ್ ಒಂದು ಗುಟುಕು ಚಹಾ ಕುಡಿದು, ಮತ್ತೆ ಮೊದಲಿನಿಂದ ಶುರು ಮಾಡಿ, ಕೊನೆಯವರೆಗೂ ಓದಿ ಹಾಳೆಯನ್ನು ಮಡಿಸಿಟ್ಟಳು.

“ಇದರಲ್ಲಿ ನಿನ್ನ ಅಜ್ಜಿಗೆ ಆ ಮನೆ ಸಲ್ಲುತ್ತದೆ ಅನ್ನುವುದನ್ನು ನಾನು ಒಪ್ಪಿಲ್ಲ” ಎಂದಳು.

“ಗೊತ್ತು” ಎಂದಳು ಯಾಯೇಲ್. “ಆದರೆ ಅಜ್ಜಿ ಹೀಗೇ ಹೇಳುತ್ತಿದ್ದಳು.”

ಅಷ್ಟೇ ನಡೆದದ್ದು. ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ. ಸೆನ್ಸೇ ಚಹಾ ಸುರಿಯಲು ಎದ್ದವರು ಕೆಟಲ್ ಹಿಡಿದುಕೊಂಡೇ ಬಹಳ ಹೊತ್ತು ನಮಗೆ ಬೆನ್ನು ಮಾಡಿ ನಿಂತಿದ್ದರು.

ಈಗ ನಾವು ಟೋಕಿಯೋದ ಫುನಾಬೊರಿಯಲ್ಲಿದ್ದೇವೆ. ಸೆನ್ಸೇ ಯಾಮಾಗಾತಾಕ್ಕೆ ಮರಳಿ ಕೆಸುವಿನ ಗೆಡ್ಡೆ ಬೆಳೆಯುತ್ತಿದ್ದಾರೆ. ಪಕ್ಕದ ಮನೆಗಳಿಂದ ಕನ್ನಡ, ತಮಿಳು, ಹಿಂದಿ ಎಲ್ಲ ಕಿವಿಗೆ ಬೀಳುವ ಈ ಬೀದಿಯಲ್ಲಿ ಕೂತು ನಾನು ಬುಧವಾರ ಬಂದಾಗಲೆಲ್ಲ ಆ ಕೋಣೆಯನ್ನು ನೆನೆಯುತ್ತೇನೆ. ಪ್ರತಿ ನವೆಂಬರ್ ಒಂದರಂದು ಅಪ್ಪನಿಗೆ ಮಾಡಿದ ಮೇಲೆ ಕಾಕುವಿಗೂ ಫೋನ್ ಮಾಡುತ್ತೇನೆ.

ರೀಮ್ ಅಮ್ಮಾನ್‌ಗೆ ಮರಳಿದಳು. ಯಾಯೇಲ್ ಕಳೆದ ವರ್ಷ ಊರಿಗೆ ಹೋದಾಗ ಯಾಫಾದಿಂದ ನನಗೊಂದು ಸಂದೇಶ ಕಳಿಸಿದಳು. ದರ್ಜಿಯ ಅಂಗಡಿ ಇದ್ದ ಬೀದಿಯನ್ನು ಹುಡುಕಿಕೊಂಡು ಹೋಗಿದ್ದಳಂತೆ. ಫೋಟೋ ತೆಗೆದುಕೊಂಡಿದ್ದಾಳೆ, ಆದರೆ ರೀಮ್‌ಗೆ ಕಳಿಸಬಹುದೋ ಬಾರದೋ ತಿಳಿಯುತ್ತಿಲ್ಲ. ‘ನೀನು ಕೇಳಿ ನೋಡು, ಬೇಕಾದರೆ ನೀನೇ ಕಳಿಸು’ ಎಂದು ಬರೆದಿದ್ದಳು. ನಾನು ರೀಮ್‌ಳನ್ನು ಕೇಳಿದೆ. ಎರಡು ದಿನ ಉತ್ತರ ಬರಲಿಲ್ಲ. ಕೇಳಬಾರದಿತ್ತೇನೋ ಎಂದು ನಾನು ಕೈ ಹಿಸುಕಿಕೊಳ್ಳುತ್ತಿರುವಾಗ ಬಂದ ಸಂದೇಶದಲ್ಲಿ ಒಂದೇ ಸಾಲಿತ್ತು.

‘ನೀನು ಕಳಿಸಬೇಡ, ವಿದ್ಯಾ. ಅವಳೇ ಕಳಿಸಲಿ.’